ಏಕತಾರಿಯ ನಾದ ಮತ್ತು ಕಾರ್ಖಾನೆಯ ಕೇಳುಗ: ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ ತತ್ವಪದ ಗಾಯನ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರವು ತೊಗರಿ ಹಾಗೂ ಸುಣ್ಣಕಲ್ಲಿನ ಸೀಮೆಯೆಂದು ಪ್ರಸಿದ್ಧವಾಗಿದೆ. ಇದು ತತ್ವಪದಗಳ ಸೀಮೆಯೂ ಹೌದು. ಇದೇ ಜಿಲ್ಲೆಯ ಕಡಕೋಳದಲ್ಲಿ ನೆಲೆಸಿದ್ದ ಮಡಿವಾಳಪ್ಪನವರ ಶಿಷ್ಯಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ದಪ್ಪ ಮೊದಲಾದವರು ಬರುತ್ತಾರೆ. ಜಾತಿ, ಮತಗಳ ಎಲ್ಲೆಯನ್ನು ಮೀರಿದ ಈ ಪರಂಪರೆಯ ಪದಗಳು ಗ್ರಂಥದಿಂದಲ್ಲ, ಹಾಡುಗಾರರ ಕಂಠದಿಂದ ಉಳಿದು ಬಂದಿವೆ. ಪ್ರಸ್ತುತ ಲೇಖನವು ಈ ಗಾಯನವನ್ನು ಅದಕ್ಕೆ ಅಪರಿಚಿತರೆನಿಸುವ ಕೇಳುಗರ ಮುಂದೆ ನಡೆಸುವಾಗ ಯಾವುದನ್ನು ಕಾಪಾಡಿಕೊಳ್ಳಬೇಕೆಂಬ ಪ್ರಶ್ನೆಯನ್ನು ಪರಿಶೀಲಿಸುತ್ತದೆ.

ಅಪರಿಚಿತ ಕೇಳುಗರೆಂದರೆ ಯಾರು? ಇಲ್ಲಿನ ಸುಣ್ಣಕಲ್ಲಿನ ನಿಕ್ಷೇಪವೇ ಅದಕ್ಕೆ ಉತ್ತರವಾಗಿದೆ. 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಸೇಡಂ ಹಾಗೂ ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಗೊಂಡವು. ಶಹಾಬಾದಿನಲ್ಲಿ ಈ ಉದ್ಯಮ ಅದಕ್ಕೂ ಹಿಂದಿನದು. ವಾಡಿ ಜಂಕ್ಷನ್ ಮುಂಬಯಿ, ಚೆನ್ನೈ ಹಾಗೂ ಹೈದರಾಬಾದ್ ಕಡೆಯ ರೈಲುಮಾರ್ಗಗಳು ಕೂಡುವ ಸ್ಥಳ. ಹೀಗಾಗಿ ಕಾರ್ಖಾನೆಯ ಕಾಲೊನಿಗಳಲ್ಲಿ ಹಿಂದಿ, ತೆಲುಗು, ಮರಾಠಿ ಮಾತನಾಡುವ ಕುಟುಂಬಗಳು ಕನ್ನಡಿಗರ ಜೊತೆಗೆ ಬಾಳುತ್ತಿವೆ. ಇವರಿಗೆ ತತ್ವಪದ ಅರ್ಥವಾಗದೆಂಬ ಊಹೆಯಿಂದಲೇ ವೇದಿಕೆಯ ಕಾರ್ಯಕ್ರಮಗಳಲ್ಲಿ ಪದವನ್ನು ಮೊಟಕುಗೊಳಿಸುವ, ಕೀಬೋರ್ಡನ್ನು ಸೇರಿಸುವ, ಲಯವನ್ನು ತೀವ್ರಗೊಳಿಸುವ ರೂಢಿ ಬೆಳೆದಿದೆ.

ಈ ಊಹೆ ಅರ್ಧಸತ್ಯ. ಉತ್ತರ ಭಾರತದ ನಿರ್ಗುಣ ಭಜನೆಗಳಲ್ಲಿ ಕಬೀರನ ಪದಗಳಿಗೆ ಏಕತಾರಿಯ ಶ್ರುತಿಯಿದೆ. ತೆಲುಗಿನಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಯ ತತ್ತ್ವಗಳು ಜನಜನಿತವಾಗಿವೆ. ಮರಾಠಿಯಲ್ಲಿ ಏಕನಾಥರ ಭಾರೂಡಗಳು ನಮ್ಮ ಬೆಡಗಿನ ಪದಗಳಂತೆಯೇ ರೂಪಕದ ಮರೆಯಲ್ಲಿ ಮಾತನಾಡುತ್ತವೆ. ಅಂದಮೇಲೆ ಕೇಳುಗರಿಗೆ ಅಪರಿಚಿತವಾದುದು ಭಾಷೆ ಮಾತ್ರ. ನಾದವೂ ಭಾವವೂ ಅವರ ಊರಿನವೇ. ವಿಪರ್ಯಾಸವೆಂದರೆ, ಕೇಳುಗರಿಗಾಗಿ ಮಾಡುವ ಮಾರ್ಪಾಟುಗಳಲ್ಲಿ ಮೊದಲು ಮರೆಯಾಗುವುದು ಅವರಿಗೆ ಪರಿಚಿತವಾದ ಈ ನಾದವೇ.

ವಾದ್ಯದ ರಚನೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಒಣಗಿದ ಸೋರೆಬುರುಡೆ, ಅದಕ್ಕೆ ಬಿಗಿದ ತೊಗಲು, ಬಿದಿರಿನ ದಂಡಿಗೆ, ಒಂದೇ ತಂತಿ—ಇಷ್ಟೇ ಏಕತಾರಿ. ಮೀಟುವ ಬೆರಳೊಂದೇ ಶ್ರುತಿಯನ್ನೂ ಲಯವನ್ನೂ ಹಿಡಿಯುತ್ತದೆ. ದಮ್ಮಡಿ, ತಾಳ, ಚಿಟಿಕೆಗಳು ಅದಕ್ಕೆ ಜೊತೆಯಾಗುತ್ತವೆ. ಏಕತಾರಿಯ ಧ್ವನಿ ಸುತ್ತ ಕುಳಿತವರ ವಲಯವನ್ನು ಹೆಚ್ಚು ದಾಟುವುದಿಲ್ಲ. ಮಠದ ಅಂಗಳದ ಅಮಾವಾಸ್ಯೆಯ ಭಜನೆಗೆ ಅಷ್ಟೇ ಸಾಕು. ಕೀಬೋರ್ಡಿನ ಸ್ಥಿರಸ್ವರದ ಎದುರು ಈ ಮೆಲುದನಿ ಅಡಗಿಹೋಗುತ್ತದೆ. ಏಕತಾರಿ ಹಾಡುಗಾರನ ಕೈಯಲ್ಲಿದ್ದರೂ ಕೇವಲ ಅಲಂಕಾರವಾಗುತ್ತದೆ.

ಎರಡನೆಯ ಅಂಶ ಪಲ್ಲವಿಯ ಪುನರಾವರ್ತನೆ. ಮುಮ್ಮೇಳದವರು ಹಾಡಿದ ಪಲ್ಲವಿಯನ್ನು ಹಿಮ್ಮೇಳದವರು ಪ್ರತಿ ನುಡಿಯ ಬಳಿಕವೂ ಎತ್ತಿಕೊಳ್ಳುತ್ತಾರೆ. ಸಮಯದ ಅಭಾವದಲ್ಲಿ ಆಯೋಜಕರು ಮೊದಲು ಕತ್ತರಿಸುವುದು ಇದನ್ನೇ. ವಾಸ್ತವದಲ್ಲಿ ಭಾಷೆ ತಿಳಿಯದವನು ಹಾಡಿನೊಳಗೆ ಪ್ರವೇಶಿಸುವ ಬಾಗಿಲು ಪಲ್ಲವಿಯೇ. ಮೂರು ನುಡಿ ಮುಗಿಯುವಷ್ಟರಲ್ಲಿ ಅದು ಅವನ ಬಾಯಿಗೂ ಬರುತ್ತದೆ. ಮೂರನೆಯದು ಅರ್ಥವಿವರಣೆ. ಸಾಂಪ್ರದಾಯಿಕ ಭಜನೆಯಲ್ಲಿ ಹಾಡುಗಾರನು ನಡುವೆ ನಿಲ್ಲಿಸಿ ದೇಹ, ಗುರು, ಬಯಲುಗಳ ಸಂಕೇತವನ್ನು ಬಿಡಿಸಿ ಹೇಳುವುದುಂಟು. ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ಸೇಡಂ, ಚಿಂಚೋಳಿ ಭಾಗದಲ್ಲಿ ತೆಲುಗು, ದಖನಿ ಉರ್ದು ಬಲ್ಲ ಕನ್ನಡಿಗರು ವಿರಳರಲ್ಲ. ಅಂತಹ ಹಾಡುಗಾರನು ಈ ವಿವರಣೆಯನ್ನು ಕೇಳುಗರ ಭಾಷೆಯಲ್ಲಿಯೇ ಕೊಡಬಲ್ಲನು; ಪದವನ್ನು ಬದಲಿಸುವ ಅಗತ್ಯವಿಲ್ಲ.

ಕಾಲಕ್ಕೆ ತಕ್ಕಂತೆ ಕಲೆ ಬದಲಾಗಬೇಕೆಂಬ ವಾದವನ್ನು ಅಲ್ಲಗಳೆಯಲಾಗದು. ಹಾರ್ಮೋನಿಯಂ ಕೂಡ ಒಮ್ಮೆ ಹೊರಗಿನಿಂದ ಬಂದು ಭಜನಾ ಮೇಳಗಳಲ್ಲಿ ಒಂದಾದುದೇ. ಆದರೆ ಆ ಬದಲಾವಣೆ ಹಾಡುಗಾರರ ಆಯ್ಕೆಯಾಗಿತ್ತೇ ಹೊರತು ಆಯೋಜಕರ ಅಪ್ಪಣೆಯಾಗಿರಲಿಲ್ಲ ಎಂಬ ಭೇದವನ್ನು ಗಮನಿಸಬೇಕು. ಎತ್ತರದ ವೇದಿಕೆಯ ಬದಲು ನೆಲದ ಜಮಖಾನ, ಕಿರಿದಾದ ಸಭೆ, ಅನಿವಾರ್ಯವಾದಲ್ಲಿ ತುಸು ದೂರದಲ್ಲಿಟ್ಟ ಒಂದೇ ಧ್ವನಿವರ್ಧಕ, ಕತ್ತರಿಸದ ಪಲ್ಲವಿ—ಇವು ಹೆಚ್ಚಿನ ವೆಚ್ಚವಿಲ್ಲದ ವ್ಯವಸ್ಥೆಗಳು.

ತತ್ವಪದಗಳ ಪಠ್ಯ ಸಂಗ್ರಹ ಹಾಗೂ ಪ್ರಕಟಣೆ ಗಣನೀಯವಾಗಿ ನಡೆದಿದೆ. ಆದರೆ ಮುದ್ರಿತ ಪಠ್ಯವು ಮೀಟುವ ಬೆರಳನ್ನಾಗಲಿ, ಪಲ್ಲವಿಯನ್ನು ಎತ್ತಿಕೊಳ್ಳುವ ಕೊರಳುಗಳನ್ನಾಗಲಿ ಉಳಿಸಲಾರದು. ಅವು ಉಳಿಯಬೇಕಾದರೆ ಹೊಸ ಕೇಳುಗರು ಬೇಕು. ಕಾರ್ಖಾನೆಯ ಕಾಲೊನಿಗಳಲ್ಲಿ ಅವರಿದ್ದಾರೆ. ಪದವನ್ನು ಪದವಾಗಿಯೇ ಅವರ ಮುಂದಿಡುವ ಹೊಣೆ ಆಯೋಜಕರದು ಮತ್ತು ಜಾನಪದ ಅಧ್ಯಯನಕಾರರದು.