ಆವರಣದೊಳಗೆ ಹುಟ್ಟಿ ಅಳಿಯುವ ಹೆಸರುಗಳು

ಸಿ ಭಾಷೆಯಲ್ಲಿ ಫಂಕ್ಷನ್ನೊಂದನ್ನು ಬಳಸುವ ಮುನ್ನ, ಅದು ಯಾವ ಬಗೆಯ ಮೌಲ್ಯಗಳನ್ನು ಬೇಡುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ಸಾರುವ ಪದ್ಧತಿಯುಂಟು. ಆ ಸಾಲಿಗೆ ಪ್ರೊಟೊಟೈಪ್ ಎಂದು ಹೆಸರು. ಡೆನಿಸ್ ರಿಚಿಯವರು 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಈ ಭಾಷೆಯನ್ನು ರೂಪಿಸಿದಾಗ ಇದು ಇರಲಿಲ್ಲ. ವರ್ಗಮೂಲದ ಫಂಕ್ಷನ್ನಿಗೆ ಬೇಕಾದುದು ದಶಾಂಶ ಸಂಖ್ಯೆ; ಪೂರ್ಣಾಂಕವಾದ 2ನ್ನು ಕೊಟ್ಟರೂ ಕಂಪೈಲರ್ ತುಟಿ ಬಿಚ್ಚುತ್ತಿರಲಿಲ್ಲ, ಉತ್ತರ ಮಾತ್ರ ಅಸಂಬದ್ಧವಾಗಿ ಬರುತ್ತಿತ್ತು. 1989ರ ಅಮೆರಿಕನ್ ಮಾನಕವು ಸಿ ಪ್ಲಸ್ ಪ್ಲಸ್ ಭಾಷೆಯಿಂದ ಪ್ರೊಟೊಟೈಪನ್ನು ಎರವಲು ತಂದು ಈ ಕೊರತೆಯನ್ನು ನೀಗಿತು.

ಆವರಣದೊಳಗೆ ಮೌಲ್ಯದ ಬಗೆಯನ್ನು ಹೇಳಲೇಬೇಕು. ಪ್ಯಾರಾಮೀಟರಿನ ಹೆಸರು ಮಾತ್ರ ಐಚ್ಛಿಕ. ಬರೆದರೂ ಅದರ ವ್ಯಾಪ್ತಿ ಆ ಘೋಷಣೆಯೊಡನೆಯೇ ಮುಗಿಯುತ್ತದೆ. ಇಷ್ಟು ಅಲ್ಪಾಯುವಾದ ಹೆಸರಿನಿಂದ ಏನು ತೊಂದರೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆದರೆ ಅದೇ ಆವರಣದಲ್ಲಿ 'ಸ್ಟ್ರಕ್ಟ್ ಬಿಂದು' ಎಂಬ ಹೊಸ ರಚನೆಯನ್ನು ಮೊದಲ ಬಾರಿಗೆ ಹೆಸರಿಸಿದೆವೆನ್ನಿ. ಆ ರಚನೆಯೂ ಅಲ್ಲಿಯೇ ಹುಟ್ಟಿ ಅಲ್ಲಿಯೇ ಅಳಿಯುತ್ತದೆ! ಮುಂದೆ ನಾವು ವಿವರಿಸುವ 'ಬಿಂದು' ಕಂಪೈಲರಿನ ದೃಷ್ಟಿಯಲ್ಲಿ ಅದೇ ಹೆಸರಿನ ಬೇರೊಬ್ಬ ವ್ಯಕ್ತಿ. ಪ್ಯಾರಾಮೀಟರ್ ಪಟ್ಟಿಯೊಳಗೆ ಘೋಷಿಸಿದ ರಚನೆ ಹೊರಗೆ ಕಾಣಿಸದು ಎಂಬ ಎಚ್ಚರಿಕೆಯ ಅರ್ಥ ಇದೇ. ಅದನ್ನು ಅಲಕ್ಷಿಸಿದರೆ, ಬಗೆಗಳು ಹೊಂದುವುದಿಲ್ಲವೆಂಬ ಆಕ್ಷೇಪವೂ ಹಿಂದೆಯೇ ಬರಬಹುದು. ಪ್ರೊಟೊಟೈಪಿನ ಮೇಲೆ 'ಸ್ಟ್ರಕ್ಟ್ ಬಿಂದು' ಎಂದು ಬರೆದು ಅರ್ಧವಿರಾಮವಿಟ್ಟರೆ ಸಾಕು, ವಿವಾದ ತೀರುತ್ತದೆ.

ಇನ್ನೊಂದು ಅಪಾಯ ಮ್ಯಾಕ್ರೊಗಳದು. ಮ್ಯಾಕ್ರೊ ವ್ಯಾಪ್ತಿಯನ್ನರಿಯದು. 'ಎನ್' ಎಂದರೆ 100 ಎಂದು ಯಾರಾದರೂ ಮೊದಲೇ ವಿಧಿಸಿದ್ದರೆ, ಪ್ರೊಟೊಟೈಪಿನ 'ಇಂಟ್ ಎನ್' ಎಂಬುದು 'ಇಂಟ್ 100' ಆಗಿ ಕೆಟ್ಟುಹೋಗುತ್ತದೆ. ಆದುದರಿಂದಲೇ ಅನೇಕ ಸಿದ್ಧ ಗ್ರಂಥಾಲಯಗಳ ಹೆಡರ್ ಕಡತಗಳಲ್ಲಿ ಹೆಸರುಗಳ ಹಿಂದೆ ಎರಡೆರಡು ಅಡಿಗೆರೆಗಳು ಕಾಣುತ್ತವೆ. ಅಂಥ ಹೆಸರುಗಳು ಭಾಷೆಯನ್ನು ಒದಗಿಸುವವರಿಗಷ್ಟೇ ಮೀಸಲು, ನಾವು ನೀವು ಬಳಸತಕ್ಕವಲ್ಲ.

ಹಾಗಾದರೆ ಹೆಸರನ್ನು ಬಿಟ್ಟುಬಿಡುವುದೇ ಲೇಸಲ್ಲವೆ? ನಮಗೆ ಹಾಗೆ ತೋರುವುದಿಲ್ಲ. ಸ್ಮೃತಿಯ ಒಂದು ಭಾಗವನ್ನು ಒಂದೇ ಮೌಲ್ಯದಿಂದ ತುಂಬುವ 'ಮೆಮ್‌ಸೆಟ್' ಫಂಕ್ಷನ್ನಿಗೆ ವಿಳಾಸ, ಮೌಲ್ಯ, ಪ್ರಮಾಣಗಳನ್ನು ಇದೇ ಕ್ರಮದಲ್ಲಿ ಕೊಡಬೇಕು. ಕೊನೆಯ ಎರಡೂ ಪೂರ್ಣಾಂಕಗಳೇ. ಅವು ಅದಲುಬದಲಾದರೆ ಸೊನ್ನೆ ತುಂಬಬೇಕಾದ ಕಡೆ ಸೊನ್ನೆಯಷ್ಟು ಜಾಗ ತುಂಬುತ್ತದೆ, ಎಂದರೆ ಏನೂ ಆಗುವುದಿಲ್ಲ. ಹಳೆಯ ಕಸ ಹಾಗೆಯೇ ಉಳಿಯುತ್ತದೆ. ಬಗೆಯನ್ನಷ್ಟೇ ನೋಡುವ ಕಂಪೈಲರಿಗೆ ಇದು ತಪ್ಪೆನಿಸದು. ಹೆಸರನ್ನು ಓದುವ ಮನುಷ್ಯನಿಗೆ ಎನಿಸುತ್ತದೆ. 2015ರಲ್ಲಿ ಬಂದ ಜಿಸಿಸಿಯ 5ನೆಯ ಆವೃತ್ತಿ ಈ ಒಂದು ಅದಲುಬದಲಿಗೆಂದೇ ಎಚ್ಚರಿಕೆಯನ್ನು ಸೇರಿಸಿಕೊಂಡಿತು. ಆದರೆ ಆ ಸೊನ್ನೆಯನ್ನು ನೇರವಾಗಿ ಬರೆಯದೆ ಚರವೊಂದರಲ್ಲಿ ಇಟ್ಟು ಕೊಟ್ಟಿದ್ದರೆ ಆ ಎಚ್ಚರಿಕೆ ಬರುವುದಿಲ್ಲ.