ಅತಿವಾಹಕ ಕಾಂತಸುರುಳಿಗಳ ವಿದ್ಯುತ್ ಜೋಡಣೆ

ಅತಿವಾಹಕ ಕಾಂತಸುರುಳಿಗಳ ವಿದ್ಯುತ್ ಜೋಡಣೆ ಎಂದರೆ ಪರಮಾಣು ಸಮ್ಮಿಳನ ಸಾಧನಗಳಲ್ಲಿ ಸಾವಿರಾರು ಆಂಪಿಯರ್ ವಿದ್ಯುತ್ತನ್ನು ಒಯ್ಯುವ ಎರಡು ಅತಿವಾಹಕ ಕೇಬಲ್‌ಗಳ ತುದಿಗಳನ್ನು ಕೂಡಿಸುವ ಭಾಗ. ಟೋಕಮಾಕ್ ಯಂತ್ರದಲ್ಲಿ ಪ್ಲಾಸ್ಮಾವನ್ನು ಹಿಡಿದಿಡುವ ದೊಡ್ಡ ಸುರುಳಿಗಳನ್ನು ಸಾಮಾನ್ಯವಾಗಿ ಒಂದೇ ಅಖಂಡ ಕೇಬಲ್‌ನಿಂದ ಸುತ್ತುವುದಿಲ್ಲ. ಭಾಗಗಳಾಗಿ ಸುತ್ತಿ ಬಳಿಕ ಜೋಡಿಸುತ್ತಾರೆ. ಅತಿವಾಹಕ ಸ್ಥಿತಿಯಲ್ಲಿ ಕೇಬಲ್‌ಗೆ ನೇರ ವಿದ್ಯುತ್ತಿನ ರೋಧವಿಲ್ಲ. ಜೋಡಣೆಯಲ್ಲಿ ಮಾತ್ರ ವಿದ್ಯುತ್ತು ತಾಮ್ರ ಮತ್ತು ಬೆಸುಗೆಯನ್ನು ದಾಟಬೇಕಾಗುವುದರಿಂದ ಅಲ್ಪ ರೋಧ ಉಳಿಯುತ್ತದೆ.

ರೋಧ ಮತ್ತು ಉಷ್ಣ

ಜೋಡಣೆಯಲ್ಲಿ ಹುಟ್ಟುವ ಉಷ್ಣವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ರೋಧವು ಒಂದು ನ್ಯಾನೋ ಓಮ್, ಅಂದರೆ ಓಮ್‌ನ ನೂರು ಕೋಟಿಯಲ್ಲೊಂದು ಪಾಲು ಇದ್ದರೆ, 10,000 ಆಂಪಿಯರ್‌ನಲ್ಲಿ 0.1 ವಾಟ್ ಉಷ್ಣ ಹುಟ್ಟುತ್ತದೆ. ಫ್ರಾನ್ಸ್‌ನಲ್ಲಿ ನಿರ್ಮಾಣವಾಗುತ್ತಿರುವ ಇಟರ್ ಯಂತ್ರದ ಟೊರಾಯ್ಡಲ್ ಸುರುಳಿಗಳ 68,000 ಆಂಪಿಯರ್‌ನಲ್ಲಿ ಅದೇ ರೋಧಕ್ಕೆ ಸುಮಾರು 4.6 ವಾಟ್. ಸಾಮಾನ್ಯ ಯಂತ್ರಗಳಲ್ಲಿ ಇದು ಲೆಕ್ಕಕ್ಕೇ ಬಾರದು. ಆದರೆ 4.5 ಕೆಲ್ವಿನ್ ತಾಪದಲ್ಲಿ ಒಂದು ವಾಟ್ ಉಷ್ಣವನ್ನು ಹೊರಹಾಕಲು ಶೀತಲೀಕರಣ ಸ್ಥಾವರಕ್ಕೆ ಇನ್ನೂರಕ್ಕೂ ಹೆಚ್ಚು ವಾಟ್ ಬೇಕಾಗುತ್ತದೆ. ಉಷ್ಣ ಮಿತಿಮೀರಿದರೆ ಕೇಬಲ್ ಅತಿವಾಹಕ ಗುಣವನ್ನೇ ಕಳೆದುಕೊಳ್ಳುತ್ತದೆ.

ಸಮ್ಮಿಳನ ಸಾಧನವಲ್ಲದಿದ್ದರೂ, ಇದೇ ಬಗೆಯ ಜೋಡಣೆಗಳಿರುವ ಸರ್ನ್‌ನ ಕಣವೇಗವರ್ಧಕದಲ್ಲಿ 2008ರ ಸೆಪ್ಟೆಂಬರ್ 19ರಂದು ನಡೆದ ಅವಘಡ ಪ್ರಸಿದ್ಧ ಉದಾಹರಣೆ. ಸುಮಾರು 200 ನ್ಯಾನೋ ಓಮ್ ರೋಧವಿತ್ತೆಂದು ಅಂದಾಜಿಸಲಾದ ಒಂದು ಜೋಡಣೆ 8,700 ಆಂಪಿಯರ್ ಹರಿಯುತ್ತಿದ್ದಾಗ ಕರಗಿಹೋಯಿತು. ಹುಟ್ಟಿದ ಕಿಡಿಯಿಂದ ಹೀಲಿಯಂ ಆವರಣ ಒಡೆದು, 53 ಕಾಂತಗಳನ್ನು ಸುರಂಗದಿಂದ ಹೊರತೆಗೆಯಬೇಕಾಯಿತು. ಆರಂಭದಲ್ಲಿ ಆ ಜೋಡಣೆಯಲ್ಲಿ ಹುಟ್ಟುತ್ತಿದ್ದ ಉಷ್ಣ ಹದಿನೈದು ವಾಟ್‌ನಷ್ಟು, ಒಂದು ಸಣ್ಣ ವಿದ್ಯುದ್ದೀಪದ ಕಾವಿಗಿಂತ ಹೆಚ್ಚೇನಲ್ಲ.

ರಚನೆ

ಸಮ್ಮಿಳನ ಸಾಧನಗಳ ಕೇಬಲ್‌ನಲ್ಲಿ ನೂರಾರು ಸಣ್ಣ ಎಳೆಗಳನ್ನು ಹೊಸೆದು ಉಕ್ಕಿನ ಕವಚದೊಳಗೆ ಇರಿಸಿರುತ್ತಾರೆ. ಎಳೆಗಳ ನಡುವಿನ ಸಂದಿನಲ್ಲಿ ಹೀಲಿಯಂ ಹರಿಯುತ್ತದೆ. ಆದ್ದರಿಂದ ಜೋಡಣೆಯು ವಿದ್ಯುತ್ತನ್ನು ದಾಟಿಸುವುದರ ಜೊತೆಗೆ ಹೀಲಿಯಂ ನಿರ್ವಾತಕ್ಕೆ ಸೋರದಂತೆಯೂ ತಡೆಯಬೇಕು. ಇಟರ್ ಮಾದರಿಯಲ್ಲಿ ಕವಚವನ್ನೂ ಎಳೆಗಳ ಮೇಲಿನ ಕ್ರೋಮಿಯಂ ಲೇಪವನ್ನೂ ತೆಗೆದು, ತುದಿಯನ್ನು ತಾಮ್ರ-ಉಕ್ಕಿನ ಪೆಟ್ಟಿಗೆಯಲ್ಲಿ ಒತ್ತಿ ಮುಚ್ಚುತ್ತಾರೆ. ಉಷ್ಣೋಪಚಾರದ ಬಳಿಕ ಎರಡು ಪೆಟ್ಟಿಗೆಗಳ ತಾಮ್ರದ ಮುಖಗಳನ್ನು ಬೆಸೆಯುತ್ತಾರೆ.

ಭಾರತದಲ್ಲಿ

ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಎಸ್‌ಎಸ್‌ಟಿ-1 ಟೋಕಮಾಕ್‌ನಲ್ಲಿ ನಿಯೋಬಿಯಂ-ಟೈಟಾನಿಯಂನ 16 ಟೊರಾಯ್ಡಲ್ ಸುರುಳಿಗಳಿವೆ. ಪ್ರತಿ ಸುರುಳಿಯಲ್ಲಿ 108 ಸುತ್ತುಗಳಿದ್ದು, ಅವು ಆರು ಜೋಡಿ-ಪದರಗಳಾಗಿ ವಿಂಗಡಗೊಂಡಿವೆ. ಮೊದಲ ಕಾರ್ಯಾರಂಭದ ಯತ್ನದಲ್ಲಿ ಸೋರಿಕೆ ಮೊದಲಾದ ದೋಷಗಳು ಕಂಡುಬಂದವು. ಜೋಡಣೆಗಳು ಯಂತ್ರದ ಒಳಭಾಗದಲ್ಲಿರುವುದರಿಂದ ಬಿಡಿ ದುರಸ್ತಿ ಸುಲಭವಲ್ಲ, ಯಂತ್ರವನ್ನೇ ಬಿಚ್ಚಬೇಕಾಯಿತು. ಪದರಗಳ ನಡುವಿನ ಜೋಡಣೆಗಳನ್ನು ಒಂದು ನ್ಯಾನೋ ಓಮ್‌ಗಿಂತ ಕಡಿಮೆ ರೋಧ ಬರುವಂತೆ ಹೊಸದಾಗಿ ರಚಿಸಿ, ಸುರುಳಿಗಳನ್ನು ಒಂದೊಂದಾಗಿ ಶೀತಲ ಸ್ಥಿತಿಯಲ್ಲಿ ಪರೀಕ್ಷಿಸಲಾಯಿತು. ಮರುಜೋಡಿಸಿದ ಯಂತ್ರದಲ್ಲಿ 2013ರ ಜೂನ್‌ನಲ್ಲಿ ಮೊದಲ ಪ್ಲಾಸ್ಮಾ ಮೂಡಿತು.