ಹೆದೆಯ ಸದ್ದು: ಮರುಬಾಗಿನ ಹಳೆಯ ಬಿಲ್ಲನ್ನು ನಿಃಶಬ್ದ ಪ್ರಯೋಗಕ್ಕೆ ಅಣಿಗೊಳಿಸುವ ಕ್ರಮ

ಹಳಗನ್ನಡ ಕಾವ್ಯಗಳಲ್ಲಿ ಬಿಲ್ಲಾಳಿನ ಪರಾಕ್ರಮ ಕಣ್ಣಿಗಿಂತ ಮೊದಲು ಕಿವಿಯನ್ನು ಮುಟ್ಟುತ್ತದೆ. ಹೆದೆಯನ್ನು ಮಿಡಿದು ಶಬ್ದಗೈಯುವುದಕ್ಕೆ 'ಜೇವೊಡೆ' ಎಂಬ ಪ್ರತ್ಯೇಕ ಕ್ರಿಯಾಪದವೇ ನಮ್ಮ ಭಾಷೆಯಲ್ಲಿದೆ. ರಣರಂಗದಲ್ಲಿ ಆ ಟಂಕಾರ ಭೂಷಣವಾದರೆ ಬೇಟೆಯ ನೆಲದಲ್ಲಿ ಅದೇ ದೋಷ. ಈ ಎರಡನೆಯ ಬಗೆಯ ಬಿಲ್ಲುಗಾರಿಕೆಯ ಕುರಿತು ನಮ್ಮ ಅಧ್ಯಯನಗಳು ಹೆಚ್ಚು ಗಮನ ಹರಿಸಿಲ್ಲವೆಂದೇ ಹೇಳಬೇಕು.

ಸಿಂದಗಿ ತಾಲೂಕಿನ ಮೋರಟಗಿ ಸೀಮೆಯಂತಹ ಎರೆಹೊಲದ ಬಯಲನ್ನು ಕಂಡವರಿಗೆ ಇದರ ಮಹತ್ವ ತಾನಾಗಿಯೇ ಹೊಳೆಯುತ್ತದೆ. ಮರೆಗೆ ಗಿಡಮರಗಳು ವಿರಳವಾಗಿರುವ ಇಂತಹ ಬಯಲಿನ ಪ್ರಾಣಿಯೆಂದರೆ ಕೃಷ್ಣಮೃಗ, ಜನರ ಮಾತಿನಲ್ಲಿ ಚಿಗರಿ. ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಸಾಗುತ್ತದೆ; ಶಬ್ದವಾದರೋ ಸುಮಾರು 340 ಮೀಟರ್. 25 ಮೀಟರ್ ದೂರದ ಮೃಗವನ್ನು ಬಾಣ ತಲುಪಲು ಅರ್ಧ ಸೆಕೆಂಡು ಬೇಕು, ಹೆದೆಯ ಸದ್ದಿಗೆ ಅದರ ಏಳನೆಯ ಒಂದು ಭಾಗ ಸಾಕು. ಉಳಿದ ಅವಧಿಯಲ್ಲಿ ಮೃಗ ಬೆಚ್ಚಿ ಕುಗ್ಗಿ ನೆಗೆದಿರುತ್ತದೆ. ಆದುದರಿಂದ ಬಿಲ್ಲು ಎಷ್ಟು ಬಲವಾಗಿತ್ತು ಎಂಬುದರಷ್ಟೇ ಎಷ್ಟು ಮೌನವಾಗಿತ್ತು ಎಂಬುದೂ ಬೇಡನ ಪಾಲಿಗೆ ಅನ್ನದ ಪ್ರಶ್ನೆ. (1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಇಂತಹ ಬೇಟೆ ಅಪರಾಧ. ಇಲ್ಲಿನ ವಿವೇಚನೆ ಗುರಿಹಲಗೆಗೆ ಮತ್ತು ಇತಿಹಾಸದ ಅರಿವಿಗೆ ಸೀಮಿತವಾದುದು.)

ಬಿಲ್ಲುಗಳ ಪ್ರಭೇದವನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ ಮತ್ತು ಕೊಂಬುಗಳಿಂದಾದ ನಾಲ್ಕು ಬಗೆಯ ಬಿಲ್ಲುಗಳನ್ನು ಹೆಸರಿಸುತ್ತದೆ. ಹೆದೆಗೆ ಮೂರ್ವೆ, ಎಕ್ಕ, ಸಣಬು, ಸ್ನಾಯು ಮೊದಲಾದ ವಸ್ತುಗಳನ್ನು ಹೇಳುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬೇಟೆಯೇ ಒಂದು ವಿನೋದವಾಗಿ ಸ್ಥಾನ ಪಡೆದಿದೆ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಷ್ತಾ, ವಿಜಯನಗರದ ದೇವರಾಯನು ಬಹಮನಿಗಳ ಮೇಲುಗೈಗೆ ಅವರ ಕುದುರೆ ಮತ್ತು ಬಿಲ್ಲುಗಾರರೇ ಕಾರಣವೆಂದರಿತು, ಮುಸ್ಲಿಂ ಬಿಲ್ಲುಗಾರರನ್ನು ನೇಮಿಸಿಕೊಂಡು ತನ್ನ ಸೈನಿಕರಿಗೆ ಆ ವಿದ್ಯೆ ಕಲಿಸಿದನೆಂದು ಬರೆಯುತ್ತಾನೆ. ಕುದುರೆಯ ಮೇಲಿನಿಂದ ಎಸೆಯಲು ಒದಗುತ್ತಿದ್ದುದು ಕೊಂಬು, ಮರ, ಸ್ನಾಯುಗಳನ್ನು ಸರೇಸಿನಿಂದ ಬೆಸೆದ, ತುದಿಗಳು ಮುಂದಕ್ಕೆ ಬಾಗಿದ ಗಿಡ್ಡ ಬಿಲ್ಲು. ಇಂದು ಕ್ರೀಡಾಂಗಣದಲ್ಲಿ 'ರಿಕರ್ವ್' ಎನಿಸಿಕೊಂಡಿರುವ, ಮರ ಮತ್ತು ಗಾಜಿನ ನಾರಿನ ಪದರಗಳ ಬಿಲ್ಲು ಆಕಾರದಲ್ಲಿ ಇದರದೇ ಸಂತತಿ. ವೀರಗಲ್ಲುಗಳಲ್ಲಿ ಬಿಲ್ಲುಗಾರನ ಕೆತ್ತನೆ ಸಾಮಾನ್ಯವಾದರೂ ಕಲ್ಲಿನಲ್ಲಿ ಬಾಗು ಕಾಣುತ್ತದೆಯೇ ಹೊರತು ಮರವೋ ಕೊಂಬೋ ತಿಳಿಯುವುದಿಲ್ಲ. ಬಾಗನ್ನೊಂದೇ ನೆಚ್ಚಿ ನಿರ್ಣಯಕ್ಕೆ ಬರುವುದು ಆತುರವೆನಿಸೀತು.

ಈ ಬಾಗೇ ಸದ್ದಿನ ಮೂಲವೂ ಹೌದು. ನೇರ ಬಿಲ್ಲಿನಲ್ಲಿ ಹೆದೆ ಕೊಪ್ಪುಗಳನ್ನು ಮಾತ್ರ ಮುಟ್ಟಿದರೆ, ಮರುಬಾಗಿನ ಬಿಲ್ಲಿನಲ್ಲಿ ತುದಿಯಿಂದ ಕೆಲವು ಅಂಗುಲದವರೆಗೆ ತೋಳಿನ ಮೇಲೆಯೇ ಒರಗಿರುತ್ತದೆ. ಎಳೆದಾಗ ಅಲ್ಲಿಂದ ಎದ್ದ ಹೆದೆ ಬಿಟ್ಟೊಡನೆ ಮರಳಿ ಬಡಿಯುತ್ತದೆ. ಜೊತೆಗೆ, ಬಾಣ ಹೊತ್ತೊಯ್ಯದೆ ಉಳಿಸಿದ ಶಕ್ತಿಯೆಲ್ಲ ತೋಳು-ಹೆದೆಗಳ ಕಂಪನವಾಗಿ ಮೊರೆಯುತ್ತದೆ. ಸದ್ದೆಂದರೆ ಪೋಲಾದ ಶಕ್ತಿ. ಅದನ್ನು ಅಡಗಿಸುವ ಉಪಾಯಗಳೆಲ್ಲ ಇದರಿಂದಲೇ ಹೊರಡುತ್ತವೆ.

ಮೊದಲನೆಯದು ಹೆದೆಯ ಎತ್ತರ, ಎಂದರೆ ಏರಿಸಿದ ಹೆದೆಗೂ ಹಿಡಿಯ ಆಳವಾದ ಭಾಗಕ್ಕೂ ಇರುವ ಅಂತರ. ಇಂಗ್ಲೆಂಡಿನ ಹಳೆಯ ಬಿಲ್ಲುಗಾರರು ಮುಷ್ಟಿಯ ಮೇಲೆ ಹೆಬ್ಬೆರಳನ್ನು ನಿಗುರಿಸಿ ಇದನ್ನು ಅಳೆಯುತ್ತಿದ್ದರು. ಸುಮಾರು 60 ಅಂಗುಲದ ರಿಕರ್ವ್ ಬಿಲ್ಲಿಗೆ ಸಾಮಾನ್ಯವಾಗಿ ಏಳೂವರೆಯಿಂದ ಎಂಟೂವರೆ ಅಂಗುಲ ಒಪ್ಪುತ್ತದೆ. ಆದರೆ ಪ್ರತಿ ಬಿಲ್ಲಿಗೂ ತನ್ನದೇ ಆದ ಮೌನದ ನೆಲೆಯಿದ್ದು, ಅದನ್ನು ಕಿವಿಯಿಂದಲೇ ಹುಡುಕಬೇಕು. ಕೆಳಗಿನ ಅಳತೆಯಿಂದ ಆರಂಭಿಸಿ, ಬಿಲ್ಲನ್ನು ಇಳಿಸಿ ಹೆದೆಗೆ ಮೂರು ನಾಲ್ಕು ಹುರಿ ಹೆಚ್ಚಿಸಿ, ಮತ್ತೆ ಏರಿಸಿ, ಒಂದೇ ತೂಕದ ಐದಾರು ಬಾಣಗಳನ್ನು ಬಿಡಬೇಕು. ಹೀಗೆ ಮಾಡುತ್ತ ಹೋದಂತೆ ಒಂದು ಹಂತದಲ್ಲಿ 'ಚಟ್' ಎಂಬ ಬಡಿತ ಮೆತ್ತನೆಯ ಸದ್ದಾಗಿ ಇಳಿಯುತ್ತದೆ. ಅದನ್ನು ದಾಟಿದರೆ ಮತ್ತೆ ಏರುತ್ತದೆ. ಎಸೆಯುವವನ ಕಿವಿ ಬಿಲ್ಲಿಗೆ ತೀರ ಸಮೀಪವಿರುವುದರಿಂದ ಅವನ ತೀರ್ಪನ್ನು ನಂಬಲಾಗದು. ಇನ್ನೊಬ್ಬರು ಬಾಣದ ದಾರಿಯಿಂದ ಬಹು ದೂರ, ಪಕ್ಕಕ್ಕೆ ನಿಂತು ಆಲಿಸುವುದು ಉತ್ತಮ.

ಬಾಣದ ತೂಕ ಎರಡನೆಯದು. ಹಗುರ ಬಾಣ ವೇಗವಾಗಿ ಹೋದರೂ ಬಿಲ್ಲಿನಲ್ಲಿ ಹೆಚ್ಚು ಶಕ್ತಿಯನ್ನು ಬಿಟ್ಟುಹೋಗುತ್ತದೆ. 40 ಪೌಂಡು ಎಳೆತದ ಬಿಲ್ಲಿಗೆ ಸುಮಾರು 26 ಗ್ರಾಂ ತೂಗುವ ಬಾಣ ಕೂಡಿಸಿದರೆ ಸದ್ದು ಎದ್ದು ಕಾಣುವಷ್ಟು ತಗ್ಗುತ್ತದೆ. ಹೆದೆ ಬಡಿಯುವ ತಾವಿಗೆ ತೆಳುವಾದ ಮೆದು ತೊಗಲು, ಹೆದೆಯ ಎರಡೂ ತುದಿಗಳಿಂದ ಹೆಚ್ಚುಕಡಿಮೆ ಕಾಲುಭಾಗದಷ್ಟು ಒಳಗೆ ಉಣ್ಣೆಯ ಕುಚ್ಚು, ಬಾಣ ಕೂರುವಲ್ಲಿ ಒಂದಿಷ್ಟು ತುಪ್ಪಳ ಇದ್ದರೆ ಉಳಿದ ಕೆಲಸ ಬಹುಪಾಲು ಮುಗಿದಂತೆಯೇ. ಕುಚ್ಚು ಅತಿಯಾದರೆ ಬಾಣದ ವೇಗ ಕುಂದುತ್ತದೆ. ಮಳೆಯಲ್ಲಿ ನೆನೆದ ಉಣ್ಣೆಯಂತೂ ಭಾರ. ದೊಡ್ಡ ಗರಿಗಳು ಹಾರಾಟದಲ್ಲಿಯೇ ಸುಯ್ಗುಡುತ್ತವೆಂಬುದನ್ನೂ ಮರೆಯಬಾರದು.

ಹಳೆಯ ಬಿಲ್ಲಿನ ವಿಷಯದಲ್ಲಿ ಹೆದೆಯ ಆಯ್ಕೆ ಪ್ರಾಣಸಂಕಟವಾಗಬಲ್ಲದು. ಈಚಿನ ಹಿಗ್ಗದ ನೂಲುಗಳ ಹೊಡೆತವನ್ನು ತಾಳುವಂತೆ ಹಿಂದಿನ ಕೊಪ್ಪುಗಳು ರಚಿತವಾಗಿಲ್ಲ, ಅವು ಸೀಳಿಯಾವು. ತುಸು ಹಿಗ್ಗುವ ಡೆಕ್ರಾನ್ ನೂಲೇ ಅವಕ್ಕೆ ಯೋಗ್ಯ. ಅದು ಸದ್ದನ್ನೂ ಕಡಿಮೆ ಮಾಡುತ್ತದೆ. ಬಾಣವಿಲ್ಲದೆ ಪೂರ್ತಿ ಎಳೆದ ಹೆದೆಯನ್ನು ಬಿಡುವುದು ಸರ್ವಥಾ ನಿಷಿದ್ಧ, ಏಕೆಂದರೆ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ ಅದನ್ನು ಮುರಿಯುತ್ತದೆ. ಹೀಗಿರುವಾಗ ಕಾವ್ಯದ ಜೇವೊಡೆಯನ್ನು ಪೂರ್ಣ ಎಳೆತವೆಂದು ಅರ್ಥೈಸುವುದಕ್ಕಿಂತ ಹೆದೆಯನ್ನು ಬೆರಳಿನಿಂದ ಮಿಡಿಯುವುದೆಂದು ತಿಳಿಯುವುದು ಯುಕ್ತವೆಂದು ತೋರುತ್ತದೆ.

ಕೊಂಬಿನ ಬಿಲ್ಲುಗಳ ಮಾತು ಬೇರೆ. ಸರೇಸಿಗೆ ತೇವ ಆಗದು. ಮಳೆಗಾಲದಲ್ಲಿ ಅವು ಸಡಿಲುತ್ತಿದ್ದುದರಿಂದಲೇ ಭಾರತದಲ್ಲಿ ಉಕ್ಕಿನ ಬಿಲ್ಲುಗಳೂ ಬಳಕೆಗೆ ಬಂದವು. ವಿಜಯಪುರ ಜಿಲ್ಲೆಯ ಒಣಹವೆ ಅವಕ್ಕೆ ಕರಾವಳಿ ಮಲೆನಾಡುಗಳಿಗಿಂತ ಹಿತವಾದುದಾದರೂ ಬೇಸಿಗೆಯ ಅತಿಶುಷ್ಕತೆ ಕೊಂಬನ್ನು ಬಿರಿಯಿಸಬಲ್ಲದು. ಹೆದೆ ಇಳಿಸಿದಾಗ ಈ ಬಿಲ್ಲು ಎಳೆತದ ದಿಕ್ಕಿಗೆ ವಿರುದ್ಧವಾಗಿ, ಕೆಲವೊಮ್ಮೆ ತುದಿಗಳು ಒಂದನ್ನೊಂದು ಮುಟ್ಟುವಷ್ಟು, ಮಡಿಚಿಕೊಳ್ಳುತ್ತದೆ. ಇದನ್ನರಿಯದವರು ಅದೇ ಬಾಗಿಗೆ ಹೆದೆ ಬಿಗಿಯಲು ಹೋಗಿ ಬಿಲ್ಲನ್ನು ಕಳೆದುಕೊಳ್ಳುತ್ತಾರೆ. ಪಟ್ಟಿಕೆ ತಯಾರಿಸುವವರು ಹೊಟ್ಟೆ ಬೆನ್ನುಗಳನ್ನು ಅದಲುಬದಲು ಮಾಡಿ ದಾಖಲಿಸುವ ಸಂಭವವೂ ಉಂಟು. ಕೊಂಬಿನ ಪದರ ಎಸೆಯುವವನ ಕಡೆಗೆ, ಸ್ನಾಯುವಿನ ಪದರ ಗುರಿಯ ಕಡೆಗೆ ಎಂಬ ಒಂದು ಗುರುತು ಸಾಕು. ಇಂತಹ ಬಿಲ್ಲು ಮನೆತನದ ಜಗುಲಿಯಲ್ಲಾಗಲಿ ಸಂಗ್ರಹಾಲಯದಲ್ಲಾಗಲಿ ದೊರೆತಾಗ ಹೆದೆ ಏರಿಸುವ ಯತ್ನ ಬೇಡ. ಅಳತೆ, ತೂಕ, ಪದರಗಳ ದಪ್ಪ, ಹೆದೆ ಒರಗುತ್ತಿದ್ದ ಕಡೆಯ ಸವೆತ ಇವನ್ನು ಬರೆದುಕೊಂಡು, ಸದ್ದಿನ ಪ್ರಯೋಗವನ್ನು ಅದೇ ಅಳತೆಯ ಪ್ರತಿಕೃತಿಯ ಮೇಲೆ ನಡೆಸತಕ್ಕದ್ದು.